ತಳದ ಗಷ್ಟು

ಸಾರೆಮಾ ದ್ವೀಪ. ಮಾರ್ಚ್ ಬಂದರೂ
ಕಡಲು ಹೆಪ್ಪು ಬಿಟ್ಟಿರಲಿಲ್ಲ.
ಬಿಯರು ಮುಗಿದ ಪೀಪಾಯಿಯ ತಳದಲ್ಲಿ
ನಾಲ್ಕು ಬೆರಳು ಗಷ್ಟು, ಕೆಸರಿನ ಬಣ್ಣ.
ಪ್ರೀಡು ಬಗ್ಗಿಸಿದ, ಚರಂಡಿಯ ಕಡೆಗೆ.
"ತಡಿ ಮಾರಾಯ" ಎಂದಳು ಹಿಲ್ಯಾ,
ಬಕೆಟ್ಟು ಒಡ್ಡಿ.

ಹಸಿಯಾಗಿಯೇ ಹಂದಿಗಿಟ್ಟಳು ಮೊದಲು.
ಹೊಟ್ಟೆ ನಗಾರಿಯಾಗಿ ಅದು ರಾತ್ರಿಯಿಡೀ ತೇಗಿತು;
ಇವಳೂ ಮಲಗಲಿಲ್ಲ.
ಮರುದಿನ ಕುದಿಸಿ, ಆರಿಸಿ ಇಟ್ಟಳು.
ಬೋಗುಣಿ ನೆಕ್ಕಿ, ಇವಳ ಬೆರಳನ್ನೂ ನೆಕ್ಕಿತು.

ಒಂದು ಸೌಟು ರೈ ಹಿಟ್ಟಿಗೆ.
ಬ್ರೆಡ್ಡು ಉಬ್ಬಿತು, ತುಸು ಕಹಿ.
"ಪರವಾಗಿಲ್ಲ" ಎಂದೂ ಅನ್ನದೆ ಪ್ರೀಡು
ಇನ್ನೆರಡು ತುಂಡು ತಿಂದ.

ಉಳಿದದ್ದನ್ನು ಜಾಡಿಗೆ ತುಂಬಿ
ಬಾವಿಯ ತಂಪಿಗೆ ಇಳಿಬಿಟ್ಟಳು.
ಹಗ್ಗಕ್ಕೆ ಮಾತ್ರ ಗೊತ್ತು.

ಜೂನ್. ಊರೆಲ್ಲ ಬೆಂಕಿ ಹಾಕಿ ಕುಣಿಯುವ ಹಬ್ಬಕ್ಕೆ
ಇನ್ನು ಹತ್ತೇ ದಿನ.
ಪ್ರೀಡುವಿನ ಹೊಸ ಪಾಕ ಪೀಪಾಯಿಯೊಳಗೆ
ಮಿಸುಕದೆ ಕೂತಿತ್ತು.
ಕಿವಿಯಿಟ್ಟು ಕೇಳಿದ. ಬೈದ. ಕಂಬಳಿ ಹೊದಿಸಿದ.
ಪೇಟೆಯಿಂದ ತಂದ ಯೀಸ್ಟು
ಪೊಟ್ಟಣದಲ್ಲೇ ಸತ್ತಿತ್ತೋ ಏನೋ.

ಸಂಜೆ ಬಾವಿಕಟ್ಟೆಗೆ ಬಂದು
ಹಂದಿಯ ಕಡೆ ನೋಡುತ್ತ ಕೇಳಿದ:
"ಹೆಪ್ಪಿಗೆ ಚೂರು ಏನಾದರೂ...?"

ಹಿಲ್ಯಾ ಮಾತಾಡಲಿಲ್ಲ.
ಹಗ್ಗ ಎಳೆದಳು,
ಬೇಕಾದ್ದಕ್ಕಿಂತ ನಿಧಾನವಾಗಿ.