ಐವತ್ತೊಂಬತ್ತು ಯೂರೋ ಎಪ್ಪತ್ಮೂರು ಸೆಂಟು

ಫೆಬ್ರುವರಿ. ಬೂರಾ ಗಾಳಿ ಮೂರು ದಿನದಿಂದ
ಬಾಗಿಲ ಚಿಲಕ ಅಲ್ಲಾಡಿಸಿ ನೋಡುತ್ತಿದೆ.
ಸ್ಪ್ಲಿಟ್‌ನಿಂದ ಹಡಗು ಬಂದಿಲ್ಲ, ಬ್ರೆಡ್ಡಿಗೆ ಯೀಸ್ಟ್ ಇಲ್ಲ.
ಇಂಥ ದಿನವೇ ನಾನು ನೋಟುಬುಕ್ಕು ತೆಗೆಯುವುದು,
ಬೇಸಿಗೆಯ ಬಾಡಿಗೆ ಬರೆಯಲು.

ಮೇಲಿನ ಮನೆ: ಎರಡು ಕೋಣೆ, ಒಂದು ಅಂಜೂರದ ನೆರಳು,
ಬಂದರಿನಿಂದ ತೊಂಬತ್ತಾರು ಮೆಟ್ಟಿಲು.
ಕುನಾ ಇದ್ದ ಕಾಲಕ್ಕೆ ರಾತ್ರಿಗೆ ನಾನೂರೈವತ್ತು.
ಯೂರೋ ಬಂದ ಜನವರಿಯಲ್ಲಿ ಊರೆಲ್ಲ
ಬೆಲೆಗಳನ್ನು ನುಣ್ಣಗೆ ಉಜ್ಜಿ ಎಪ್ಪತ್ತು, ಎಂಬತ್ತೆಂದಿತು.
ನಾನು ಭಾಗಿಸಿದೆ, ಬಂದಷ್ಟನ್ನೇ ಬರೆದೆ:
ಐವತ್ತೊಂಬತ್ತು ಯೂರೋ ಎಪ್ಪತ್ಮೂರು ಸೆಂಟು.
ಆ ಬೇಸಿಗೆ ಪೂರ್ತಿ ಅತಿಥಿಗಳು ನಗುನಗುತ್ತ
ಚಿಲ್ಲರೆಗೆ ಜೇಬು ತಡಕಿದರು.
ಪ್ರಾಮಾಣಿಕಳು ಅಂದುಕೊಂಡರು.
ಹೆದರಿದ್ದೆ, ಅಷ್ಟೆ.

ಕೆಳಬೀದಿಯ ನೆವೆಂಕಾ ತೊಂಬತ್ತೈದು ಕೇಳುತ್ತಾಳೆ.
ಅವಳ ಕಿಟಕಿಗೆ ಕಾಣುವುದು ಮುಚ್ಚಿದ ಮೀನು ಕಾರ್ಖಾನೆಯ ಬೆನ್ನು.
ಯಾವಾಗ ಏರಿಸಬೇಕೇ ಎಂದು ಕೇಳಿದೆ.
ಒಣಗಿದ ಹಾಸುಬಟ್ಟೆಯ ಎರಡು ತುದಿ ನನ್ನ ಕೈಗಿತ್ತು ಅಂದಳು:
"ಮನೆ ಖಾಲಿ ಇದ್ದಾಗ ಏರಿಸುವವಳು ದಡ್ಡಿ.
ತುಂಬಿದ ಮೇಲೆ ಏರಿಸುವವಳು ಇನ್ನೂ ದಡ್ಡಿ.
ನಡುವೆ ಒಂದೇ ಒಂದು ದಿನ ಇರುತ್ತದೆ."
ಯಾವುದು ಅಂದೆ.
"ಗಟ್ಟಿಯಾಗಿ ಎಳೆ, ಸುಕ್ಕು ಉಳಿಯುತ್ತೆ" ಅಂದಳು.

ಖರ್ಚೇನೋ ಕೇಳದೆ ಏರಿತು.
ನಲ್ಲಿ ರಿಪೇರಿಯ ಶಿಮೆ, ಬರುವ ದೋಣಿಯಲ್ಲಿ ಕೂತ ಹೊತ್ತಿಗೂ ಲೆಕ್ಕ ಹಾಕುತ್ತಾನೆ,
ನಾನು ಕೊಟ್ಟ ಕಾಫಿ ಕುಡಿದ ಹೊತ್ತಿಗೂ.
ನನ್ನ ಗಂಡ ಫ್ರಾನೆ ಬಲೆ ಹೊಲಿಯುತ್ತ
"ಹೋದ ವರ್ಷವೇ ಹೇಳಿದ್ದೆ" ಅನ್ನುತ್ತಾನೆ.
ಹೇಳಿರಲಿಲ್ಲ.

ಆದರೆ ನನ್ನನ್ನು ಚುಚ್ಚಿದ್ದು ಖರ್ಚಲ್ಲ.
ಕಳೆದ ಆಗಸ್ಟಿನಲ್ಲಿ ಗ್ರಾಟ್ಸ್‌ನಿಂದ ಬಂದ ಹುಡುಗ,
ತಲೆಗೆ ಸೋಪು ಹಚ್ಚಿದಾಗಲೇ ಬಿಸಿನೀರು ಕೈಕೊಟ್ಟಿತು.
ಟವೆಲ್ ಹಿಡಿದು ಓಡಿದೆ, ಕ್ಷಮೆ ಕೇಳಿದೆ.
ಅವನು ನಕ್ಕ, ಒಳ್ಳೆಯ ಮನಸ್ಸಿಂದಲೇ:
"ಈ ದುಡ್ಡಿಗೆ ಇನ್ನೇನು ಕೇಳೋಣ ಬಿಡಿ."

ಆ ರಾತ್ರಿ ನಿದ್ದೆ ಬರಲಿಲ್ಲ.
ಇಷ್ಟು ವರ್ಷ ನಾನು ಬೆಲೆ ಬರೆದಿರಲೇ ಇಲ್ಲ,
ಮುಂಗಡವಾಗಿ ಕ್ಷಮೆ ಬರೆದಿಟ್ಟಿದ್ದೆ:
ಮೆಟ್ಟಿಲಿಗೆ, ಐದಕ್ಕೇ ಕೂಗುವ ಹುಂಜಕ್ಕೆ,
ಅಮ್ಮ ಹೆಣೆದ, ಈಗ ಯಾರಿಗೂ ಬೇಡದ ಪರದೆಗೆ,
ನನ್ನ ತೊದಲು ಜರ್ಮನ್‌ಗೆ.

ಬಾಯ್ಲರ್ ಹೊಸದು ಹಾಕಿಸಿದೆ, ನವೆಂಬರಿನಲ್ಲಿ.
ಮೆಟ್ಟಿಲು ಈಗಲೂ ತೊಂಬತ್ತಾರೇ.
ಸಮುದ್ರ ನನ್ನದಲ್ಲ, ಅದಕ್ಕೆ ಬೆಲೆ ಹಾಕುವುದಿಲ್ಲ,
ಆದರೆ ಕಿಟಕಿ ಒರೆಸುವವಳು ನಾನೇ ತಾನೆ.

ಪೆನ್ಸಿಲ್ಲಿನಲ್ಲಿ ಬರೆದೆ: ಜೂನ್ ಹದಿನೈದರಿಂದ, ಎಪ್ಪತ್ತೆಂಟು.
ಸೆಪ್ಟೆಂಬರಿಗೆ ಬಂದು ಕೈ ನಿಂತಿತು.
ಸೆಪ್ಟೆಂಬರ್ ಅಂದರೆ ಬೊಹುಮಿಲಾ ಮೇಡಂ,
ಬ್ರನೋದಲ್ಲಿ ಗಣಿತ ಕಲಿಸಿ ನಿವೃತ್ತರಾದವರು.
ಹನ್ನೊಂದು ವರ್ಷದಿಂದ ಅದೇ ಎರಡು ವಾರ,
ಒಂದು ಪೊಟ್ಟಣ ಗಸಗಸೆ, ಕೈಬರಹದ ಪತ್ರ.
ಈ ವರ್ಷದ ಪತ್ರ ಬಂದಿಲ್ಲ.
ಬಾರದ ಹಡಗಿನಲ್ಲೇ ಇರಬಹುದು.
ಬಂದ ಮೇಲೆ ಏರಿಸಿದರೆ ಹೊಂಚು ಹಾಕಿದಂತೆ.
ಬರುವ ಮೊದಲು ಏರಿಸಿದರೆ,
ಬಾಗಿಲಿಗೆ ಬರುವವರ ಮುಖಕ್ಕೇ ಅಗುಳಿ ಹಾಕಿದಂತೆ.
ಅಳೆದೆ, ಸುರಿದೆ, ಮತ್ತೆ ಅಳೆದೆ.
ಎಪ್ಪತ್ತು ಬರೆದು ಅಳಿಸಿದೆ. ಅರವತ್ತೈದು. ಅದನ್ನೂ.
ಕಾಗದ ಅಲ್ಲಿ ತೆಳ್ಳಗಾಯಿತು.

ಸಂಜೆ ಗಾಳಿ ಥಟ್ಟನೆ ಬಿತ್ತು.
ಫ್ರಾನೆ ತಲೆ ಎತ್ತಿ ಕಿವಿಗೊಟ್ಟ.
ಹಡಗಿನ ಸೀಟಿ ಕೇಳುವ ಮೊದಲೇ ನಾನು ಪೆನ್ನು ತೆಗೆದೆ,
ಸೆಪ್ಟೆಂಬರಿಗೂ ಅದೇ ಎಪ್ಪತ್ತೆಂಟು, ಶಾಯಿಯಲ್ಲಿ.
ಅವರು ಗಣಿತದವರು;
ಕರುಣೆಯ ಲೆಕ್ಕ ಕಂಡರೆ ತಿದ್ದದೆ ಬಿಡುವವರಲ್ಲ.
ಕೊಡಲಾಗದಿದ್ದರೆ ನನ್ನೆದುರು ಕೂತು ಹೇಳಲಿ,
ನಾನೂ ಕೂತು ಕೇಳುತ್ತೇನೆ.

ಅಂಕಿಯ ಪಕ್ಕ ಒಂದು ಚುಕ್ಕಿ ಬಿದ್ದಿದೆ.
ಕೈ ತಾನಾಗಿ ಸೆಂಟು ಹುಡುಕಿರಬೇಕು.
ಕೆಳಗೆ ಸೀಟಿ ಕೂಗಿತು. ಶಾಲು ಹೊದ್ದು ಹೊರಟೆ,
ಯೀಸ್ಟ್ ಮುಗಿಯುವ ಮುಂಚೆ.