ಒಂದು ನೂಲು ಓರೆ

ಬಂದರಿನ ಅಡ್ಡರಸ್ತೆಯಲ್ಲಿ, ಒಣಮೀನು ಮತ್ತು ಮೆಣಸಿನ ಗೋದಾಮುಗಳ ನಡುವೆ
ನನ್ನದು ಫೋಟೋಕ್ಕೆ ಕಟ್ಟು ಹಾಕುವ ಅಂಗಡಿ.
ದೇವರಿಗೆ, ಮದುವೆಗೆ, ಸತ್ತವರಿಗೆ, ಸರ್ಟಿಫಿಕೇಟಿಗೆ
ಒಂದೇ ಗರಗಸ, ಒಂದೇ ನಲ್ವತ್ತೈದು ಡಿಗ್ರಿ.

ಚಿತ್ರ ಬರೆಯುವವರೂ ಬರುತ್ತಾರೆ. ತಡವಾಗಿ ಬರುತ್ತಾರೆ.
ಮೊದಲು ಶಟರು ಬೀಳುತ್ತದೆ,
ಆರು ತಿಂಗಳಿಗೆ ಶಟರಿನ ಚಿತ್ರ.

ಕರ್ಫ್ಯೂ ಮುಗಿದ ವರ್ಷ ಶಮೀಮ್ ತಂದದ್ದು ಆರಡಿ ಕಪ್ಪು.
ಬರೀ ಕಪ್ಪು, ಮೂಲೆಯಲ್ಲಿ ಚಿಟಿಕೆ ಹಳದಿ.
"ಯಾವ ಕಡೆ ಮೇಲೆ, ಮಾರಾಯ?" ಕೇಳಿದೆ.
ಬಹಳ ಹೊತ್ತು ನೋಡಿದ.
"ಆ ರಾತ್ರಿ ನಮಗೂ ಗೊತ್ತಿರಲಿಲ್ಲ."
ನಾಲ್ಕೂ ಬದಿಗೆ ಹುಕ್ಕು ಹೊಡೆದು ಕೊಟ್ಟೆ.

ಉಚ್ಚಿಲದಲ್ಲಿ ಕಡಲು ಒಳಗೆ ಬಂದಾಗ
ತಾರಾನಾಥ ರಿಕ್ಷಾದಲ್ಲಿ ಒಂದು ಕಿಟಕಿಯನ್ನೇ ಹೊತ್ತು ತಂದ.
"ಅಕ್ಕನ ಮನೆಯದ್ದು. ಇದಕ್ಕೊಂದು ಕಟ್ಟು."
"ಕಿಟಕಿಯೇ ಕಟ್ಟಲ್ಲವಾ? ಕಟ್ಟಿಗೆ ಕಟ್ಟು ಯಾಕೆ?"
ಅವನು ನಗಲಿಲ್ಲ. ಹಾಕಿದೆ.
ವಾರದೊಳಗೆ ಮರದಿಂದ ಉಪ್ಪು ಜಿನುಗಿ
ನನ್ನ ಹಿತ್ತಾಳೆ ಮೊಳೆಗಳು ಹಸಿರಾದವು.
ಅಕ್ಕನನ್ನು ಬಿಟ್ಟಿತ್ತು; ಕಿಟಕಿಯನ್ನು ಕಡಲು ಇನ್ನೂ ಬಿಟ್ಟಿರಲಿಲ್ಲ.

ಜ್ವರದ ಆ ಎರಡು ಬೇಸಿಗೆ ಅವರು ಯಾರೂ ಬರಲಿಲ್ಲ.
ಅರ್ಧ ಶಟರು ಎತ್ತಿ, ಬೆಳಗ್ಗೆ ಒಂಬತ್ತರವರೆಗೆ,
ಬಂದದ್ದು ಬರೀ ಮುಖಗಳು. ವಾಟ್ಸಾಪಿನಲ್ಲಿ.
ಆಧಾರ್ ಕಾರ್ಡಿನಿಂದ ಹಿಗ್ಗಿಸಿದ್ದು,
ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ್ದು:
ಪಕ್ಕದಲ್ಲಿ ಇನ್ಯಾರದೋ ಹೆಗಲು, ಜರಿಯ ಅಂಚು.
ಆ ಹೆಗಲು ಇದೆಯೋ ಇಲ್ಲವೋ ಎಂದು ಕೇಳಬಾರದು.
ಅಳತೆ ಪುಸ್ತಕದಲ್ಲಿ ಬರೆದುಕೊಂಡೆ:
ಹನ್ನೆರಡು–ಹದಿನೈದು. ಕಪ್ಪು ಅಂಚು. ಗಾಜು. ಅರ್ಜೆಂಟು.
ಹನ್ನೆರಡು–ಹದಿನೈದು. ಕಪ್ಪು ಅಂಚು. ಗಾಜು.
ಅರ್ಜೆಂಟು ಎಂದು ಬರೆಯುವುದನ್ನು ಆಮೇಲೆ ಬಿಟ್ಟೆ.

ಲವೀನಾ ಬಂದದ್ದು ಎಲ್ಲ ಮುಗಿದ ಮೇಲೆ, ಕೈಯಲ್ಲಿ ಏನೂ ಇಲ್ಲದೆ.
"ಏನು ಬರೆದರೂ ಸುಳ್ಳಾಗ್ತದೆ, ಅಂಕಲ್. ನಿಮ್ಮ ಪುಸ್ತಕ ಕೊಡ್ತೀರಾ?"
"ಅದರಲ್ಲಿ ಹೆಸರುಂಟು. ಬಾಕಿಯೂ ಉಂಟು." ಕೊಡಲಿಲ್ಲ.
ಹದಿನೆಂಟು ದಿನ ನನ್ನ ಸ್ಟೂಲಿನಲ್ಲಿ ಕೂತು
ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟುಕೊಂಡು
ಅಳತೆ ಮಾತ್ರ ಇಳಿಸಿಕೊಂಡಳು.
ಕಲೆ ಎಂದರೆ ಇಷ್ಟು ಗುಮಾಸ್ತಗಿರಿ ಎಂದು ನನಗೆ ತಿಳಿದಿರಲಿಲ್ಲ.

ಬಲ್ಲಾಳ್‌ಬಾಗಿನ ಹಾಲಿನಲ್ಲಿ ಒಂದು ಬಿಳಿ ಗೋಡೆ,
ಗೋಡೆ ತುಂಬ ಪೆನ್ಸಿಲಿನ ಚೌಕಗಳು. ಮುನ್ನೂರ ಹನ್ನೆರಡು.
ಒಳಗೆ ಏನೂ ಇಲ್ಲ.
ಜನ ಕೈಕಟ್ಟಿ, ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದರು.
ಯಾವುದು ಯಾರದ್ದು ಎಂದು ಅವಳಿಗೂ ಗೊತ್ತಿಲ್ಲ.
ನನಗೆ ಗೊತ್ತು. ಒಂಬತ್ತೂವರೆ–ಹದಿಮೂರು
ಐಸ್ ಫ್ಯಾಕ್ಟರಿಯ ದೇಜು. ಆ ಉದ್ದದ್ದು,
ಒಂದೇ ಕಟ್ಟಿನೊಳಗೆ ಅಣ್ಣ ತಮ್ಮ.

ಹುಡುಕಿದೆ. ಕೆಳಗಿನ ಸಾಲಿನವರೆಗೂ ಬಗ್ಗಿ.
ಹತ್ತು–ಹನ್ನೆರಡು, ಉಳಿದ ತೇಗದ ತುಂಡು ಸೇರಿಸಿ ಮಾಡಿದ್ದು.
ಇರಲಿಲ್ಲ.
ಇರುವುದಾದರೂ ಹೇಗೆ? ಸ್ವಂತದ್ದಕ್ಕೆ
ಯಾರಾದರೂ ಬಿಲ್ಲು ಬರೆಯುತ್ತಾರೆಯೇ?
ಕಿವಿಯ ಹಿಂದೆ ಪೆನ್ಸಿಲಿತ್ತು. ಕಿಸೆಯಲ್ಲಿ ಅರ್ಧ ಅಡಿಯ ಸ್ಕೇಲು.
ಬಾಗಿಲ ಪಕ್ಕ, ಸ್ವಿಚ್ಚಿನ ಕೆಳಗೆ, ಜಾಗವೂ ಇತ್ತು.

"ಹೇಗುಂಟು, ಅಂಕಲ್?" ಲವೀನಾ ಬಂದು ನಿಂತಳು.
"ಮೂರನೇ ಸಾಲು, ಎಡದಿಂದ ಏಳನೆಯದ್ದು," ಎಂದೆ,
"ಒಂದು ನೂಲು ಓರೆ."
ನೋಡಿದಳು. "ಹೌದು," ಎಂದಳು. ಸರಿಮಾಡಲಿಲ್ಲ.

ಅಂಗಡಿಗೆ ಬಂದು ಪುಸ್ತಕ ತೆರೆದೆ.
ತಾರೀಕು ಹಾಕಿದೆ, ಹಳೆಯದು. ಸರಸು, ಹತ್ತು–ಹನ್ನೆರಡು.
ಬಾಕಿಯ ಕಾಲಮಿಗೆ ಬರುವಷ್ಟರಲ್ಲಿ
ಒಬ್ಬಾಕೆ ಮೆಟ್ಟಿಲು ಹತ್ತಿದಳು:
ಮಗಳ ನರ್ಸಿಂಗ್ ಸರ್ಟಿಫಿಕೇಟು, ಮಡಿಕೆ ಬಿದ್ದದ್ದು.
"ಗಾಜೋ, ಅಕ್ರಿಲಿಕ್ಕೋ?"
"ಯಾವುದು ಬೇಗ ಆಗ್ತದೆ?"