ನಾಲ್ಕನೆಯ ಷರತ್ತು

ಗಡಿಗೂ ಒಲೆಗೂ ನಡುವೆ ಹತ್ತಡಿ ಬಿಡಬೇಕು, ಕಾನೂನು.
ಇದ್ದದ್ದು ಮೂರಡಿ ಏಳಿಂಚು.
ಉಳಿದದ್ದನ್ನು ಮನ್ನಿಸಿ ಎಂದು
ಡೊರೊಟೇಯಾ ಮೆಡೇರೋಸ್ ಅರ್ಜಿ ಹಾಕಿದ್ದಳು,
ಅಸೋರಿಸ್ ದ್ವೀಪದ ಕಡೆಯವಳು,
ಮುಂಗೈಯಿಂದ ಮೊಣಕೈವರೆಗೆ ಸುಟ್ಟ ಕಲೆಗಳ ಏಣಿ.

ನಾನು ವಲಯ ಮಂಡಳಿಯ ಗುಮಾಸ್ತ.
ಅವರು ಆಡಿದ್ದನ್ನು ಟೈಪು ಮಾಡುವುದು ನನ್ನ ಕೆಲಸ,
ಆಡಬೇಕಿತ್ತೇ ಎಂದು ಕೇಳುವುದಲ್ಲ.

ಫೆಬ್ರವರಿ. ಮ್ಯಾಸಚೂಸೆಟ್ಸಿನ ಚಳಿಗೆ
ಟೌನ್ ಹಾಲಿನ ಹೀಟರೂ ಕೆಮ್ಮುತ್ತಿತ್ತು.
ಪಕ್ಕದ ಮನೆಯ ವಿಟ್‌ಕಂಬ್ ಎದ್ದು ಹೊಗೆ ಎಂದ,
ಇರುಳೆಲ್ಲ ಬೆಳಕು ಎಂದ, ಆಮೇಲೆ
"ಇಂಥವರು ಒಬ್ಬರು ಬಂದರೆ" ಎಂದು ಅರ್ಧಕ್ಕೆ ಕೂತ.
ಆ ಅರ್ಧವನ್ನೂ ಟೈಪು ಮಾಡಿದೆ.
ಅಧ್ಯಕ್ಷರು ಇಬ್ಬರಿಗೂ ಬೇಕಾದವರು,
ಅಡ್ಡಗೋಡೆಯ ಮೇಲೆ ದೀಪವಿಟ್ಟರು:
ವಿನಾಯಿತಿ ಉಂಟು. ಷರತ್ತುಗಳೂ ಉಂಟು.

ಚಿಮಣಿ ಹದಿನಾಲ್ಕು ಅಡಿ.
ಗಡಿಯುದ್ದಕ್ಕೂ ಹಸಿರು ಬೇಲಿ, ಎಂದೂ ಆರಡಿಗೆ ಇಳಿಯಕೂಡದು.
ರಾತ್ರಿ ಒಂಬತ್ತರ ಮೇಲೆ ಹೊರದೀಪ ಇಲ್ಲ.
ನಾಲ್ಕು:
ಅರ್ಜಿದಾರಳು ಇಲ್ಲಿ ವಾಸವಿರುವವರೆಗೆ ಮಾತ್ರ.
ಮಾರಿದರೆ, ಅಥವಾ ಸತ್ತರೆ, ಒಲೆಯನ್ನು ಕೆಡವತಕ್ಕದ್ದು.

ಕಾಗದವನ್ನು ಎರಡು ಸಲ ಓದಿ ಅವಳು ಕೇಳಿದ್ದು:
"ಕೆಡವುವುದು ಯಾರು? ನಾನು ಸತ್ತಿರುತ್ತೇನಲ್ಲ."

ಕೋರ್ಟಿಗೆ ಹೋದಳು. ವಕೀಲೆ ತೀರಾ ಎಳೆಯವಳು,
ಕೋಟಿನ ತೋಳಲ್ಲಿ ದಾರ ಬಿಟ್ಟಿತ್ತು.
"ನೀವು ಮನ್ನಿಸಿದ್ದು ಇವಳನ್ನಲ್ಲ,
ಈ ಮುಕ್ಕೋನೆ ನಿವೇಶನದ ಇಕ್ಕಟ್ಟನ್ನು.
ಹೊಗೆಗೆ ಷರತ್ತು ಹಾಕಿ. ಬೆಳಕಿಗೆ, ನೆರಳಿಗೆ ಹಾಕಿ.
ಇವಳ ಉಸಿರಿಗೆ ಹಾಕಲು ನೀವು ಯಾರು?"

ಹನ್ನೊಂದು ಪುಟದ ತೀರ್ಪು. ಮೂರು ಉಳಿದವು,
ನಾಲ್ಕನೆಯದರ ಮೇಲೆ ಗೆರೆ.
ಷರತ್ತು ಮಣ್ಣಿಗೆ ಅಂಟಬೇಕು, ಮನುಷ್ಯರಿಗಲ್ಲ:
ಇದು ನಾನು ಕಿರಿದು ಮಾಡಿದ್ದು,
ನ್ಯಾಯಾಧೀಶೆಯ ವಾಕ್ಯ ಇನ್ನೂ ಉದ್ದ, ಅಡಿಟಿಪ್ಪಣಿ ಬೇರೆ.

ಆ ಈಸ್ಟರಿಗೆ ನಮ್ಮ ಕಚೇರಿಗೊಂದು ಸಿಹಿ ರೊಟ್ಟಿ ಬಂತು,
ನಡುವೆ ಇಡೀ ಮೊಟ್ಟೆ ಹುದುಗಿಸಿದ್ದು.
ಅರ್ಜಿದಾರರಿಂದ ಏನೂ ಮುಟ್ಟಕೂಡದೆಂದು ನಿಯಮವಿದೆ.
ಮೊಟ್ಟೆಯ ಸಿಪ್ಪೆಯನ್ನು ಮನೆಗೆ ಒಯ್ದು ಎಸೆದೆ.

ಅವಳು ಹೋಗಿ ಈಗ ಮೂರು ವರ್ಷ.
ಮನೆ ಕೊಂಡವನು ವಿಚೆತ್, ಕಾಂಬೋಡಿಯಾದವನು,
ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ.
ಒಲೆಯ ಬಾಯಲ್ಲಿ ಮಕ್ಕಳ ಸ್ಕೇಟುಗಳು.
ಪ್ರತಿ ಮೇ ತಿಂಗಳು ನಾನು ಟೇಪು ಹಿಡಿದು ಹೋಗುತ್ತೇನೆ:
ಈ ಸಲ ಆರಡಿ ಎರಡಿಂಚು.

"ಈ ಗಿಡ ತೆಗೆಸಬಹುದೇ?"
ಇಲ್ಲ.
"ನಾನು ರೊಟ್ಟಿ ಸುಡುವವನೇ ಅಲ್ಲ. ಆದರೂ?"
ಆದರೂ.
"ಹಾಗಾದರೆ ಸುಡಬಹುದೇ?"
ಸುಡಬಹುದು. ನೀನು, ನಿನ್ನ ನಂತರದವರು ಯಾರಾದರೂ.

ಸ್ಕೇಟುಗಳನ್ನು ಸರಿಸಿ
ಅವನು ಭುಜದವರೆಗೂ ಕೈಯನ್ನು ಒಳಗೆ ಬಿಟ್ಟ.
ತಣ್ಣಗಿದೆ, ಎಂದ,
ನನಗೆ ಅದು ಗೊತ್ತಿಲ್ಲವೇನೋ ಎಂಬಂತೆ.